ಕರೆಂಟೇ ಸಾಲದ ದೇಶಕ್ಕೆ ಉಳಿತಾಯದ ಮಾತೇಕೆ?

ಪ್ರಶ್ನೆ: ಪೀಣ್ಯದಲ್ಲಿ ಸಣ್ಣದೊಂದು ಮೆಷಿನ್ ಶಾಪ್ ನಡೆಸುತ್ತಿದ್ದೇನೆ. ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಇಂಧನ ದಕ್ಷತೆಯಿಂದ ಶ್ರೀಮಂತ ದೇಶಗಳಿಗಿಂತ ನಮ್ಮಂಥ ದೇಶಗಳಿಗೇ ಹೆಚ್ಚು ಆರ್ಥಿಕ ಲಾಭ ಅನ್ನುವುದು ಅವಳ ವಾದ. ನನಗೆ ಒಪ್ಪಿಗೆಯಾಗುತ್ತಿಲ್ಲ. ಬೇಕಾದಷ್ಟು ಉರಿಸಿ ಮುಂದೆ ಬಂದವರು ಉಳಿಸಲಿ. ನಮಗೆ ಬೇಕಿರುವುದು ಇನ್ನಷ್ಟು ಕರೆಂಟು, ಇನ್ನಷ್ಟು ಕಾರ್ಖಾನೆ. ಲಾಭ ಇರುವುದೇ ನಿಜವಾದರೆ ಅದು ಯಾರ ಜೇಬಿಗೆ ಹೋಗುತ್ತದೆ? ನನ್ನಂಥವನ ಶೆಡ್ಡಿಗೆ ಅದರಿಂದ ಏನಾದರೂ ಬರುತ್ತದೆಯೇ?

ಉತ್ತರ: ನಿಮ್ಮ ಮಗಳ ವಾದ ಸರಿಯಿದೆ. ಹಾಗೆಂದು ನಿಮ್ಮ ಅನುಮಾನ ಬುಡವಿಲ್ಲದ್ದೇನೂ ಅಲ್ಲ. ಲಾಭ ಯಾರ ಜೇಬಿಗೆ ಎಂದು ಕೇಳಿದಿರಲ್ಲ, ಈ ವಿಷಯದ ನಿಜವಾದ ಗಂಟು ಇರುವುದೇ ಅಲ್ಲಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಇರುವ ಕರೆಂಟಿನಲ್ಲೇ ಸುಧಾರಿಸಿಕೋ ಎಂದು ಬಡವನಿಗೆ ಹೇಳುವುದು ಅನ್ಯಾಯ. ದಕ್ಷತೆ ಕೇಳುವುದು ಅದನ್ನಲ್ಲ. ಯಾವ ಮನೆಗೂ ಯೂನಿಟ್ ಬೇಕಾಗಿರುವುದಿಲ್ಲ. ಬೇಕಿರುವುದು ಬೆಳಕು, ಗಾಳಿ, ಬಿಸಿನೀರು, ತೋಟಕ್ಕೆ ನೀರು. ನಿಮ್ಮ ಶೆಡ್ಡಿಗೆ ಬೇಕಿರುವುದು ತಿರುಗುವ ಸ್ಪಿಂಡಲ್. ಅಷ್ಟೇ ಬೆಳಕು, ಅಷ್ಟೇ ನೀರು, ಅದೇ ಸ್ಪಿಂಡಲ್ ಕಡಿಮೆ ಯೂನಿಟ್‌ನಲ್ಲಿ ಸಿಕ್ಕರೆ, ಉಳಿದ ಯೂನಿಟ್‌ನಲ್ಲಿ ಇನ್ನೊಬ್ಬರ ಮನೆ ಬೆಳಗುತ್ತದೆ, ಇನ್ನೊಂದು ಮೆಷಿನ್ ಓಡುತ್ತದೆ. ಕರೆಂಟು ಕೈತುಂಬ ಇರುವ ದೇಶದಲ್ಲಿ ಹೀಗೆ ಉಳಿದದ್ದು ಬಿಲ್‌ನಲ್ಲಿ ನಾಲ್ಕು ಕಾಸು. ಕೊರತೆಯಿರುವ ದೇಶದಲ್ಲಿ ಅದು ಕಟ್ಟದೆಯೇ ಸಿಕ್ಕ ವಿದ್ಯುತ್ ಸ್ಥಾವರ.

ಇದನ್ನು ನಮ್ಮ ರಾಜ್ಯದ ಲೆಕ್ಕದಲ್ಲೇ ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಅಮೂಲ್ಯ ರೆಡ್ಡಿ. 1980ರ ದಶಕದಲ್ಲಿ ಕರ್ನಾಟಕಕ್ಕೆಂದು ತಯಾರಾಗಿದ್ದ ದೀರ್ಘಾವಧಿ ವಿದ್ಯುತ್ ಯೋಜನೆ, 2000ನೇ ಇಸವಿಗೆ ರಾಜ್ಯಕ್ಕೆ ಸುಮಾರು 9,400 ಮೆಗಾವ್ಯಾಟ್ ಬೇಕಾಗುತ್ತದೆ ಎಂದಿತ್ತು. ಹಿಂದಿನ ವರ್ಷಗಳ ಬೆಳವಣಿಗೆಯ ಗೆರೆಯನ್ನು ಹಾಗೆಯೇ ಮುಂದಕ್ಕೆ ಎಳೆದು ಬಂದ ಅಂಕಿ ಅದು. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಗೆರೆ ಎಳೆಯಲಿಲ್ಲ. ಜನ ಕರೆಂಟನ್ನು ಏನೇನಕ್ಕೆ ಬಳಸುತ್ತಾರೆ ಎಂದು ಒಂದೊಂದಾಗಿ ಎಣಿಸಿದರು. ಕರೆಂಟೇ ಇಲ್ಲದ ಮನೆಗಳಿಗೆಲ್ಲ ಸಂಪರ್ಕ ಕೊಟ್ಟರೆ ಎಷ್ಟು ಬೇಕು, ಬುರುಡೆ ಬಲ್ಬಿನ ಬದಲು ಸಿಎಫ್‌ಎಲ್ ಹಾಕಿದರೆ ಎಷ್ಟು ಉಳಿಯುತ್ತದೆ, ಬಚ್ಚಲಿನ ಗೀಸರ್ ಬದಲು ಸೋಲಾರ್ ಹೀಟರ್ ಬಂದರೆ ಎಷ್ಟು, ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮತ್ತು ಪೈಪು ಬದಲಿಸಿದರೆ ಎಷ್ಟು. 1991ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಬೇಕಾದದ್ದು ಸುಮಾರು 4,000 ಮೆಗಾವ್ಯಾಟ್. ಖರ್ಚೂ ಆ ದೊಡ್ಡ ಯೋಜನೆಯದ್ದಕ್ಕಿಂತ ಎಷ್ಟೋ ಕಡಿಮೆ. ಯಾರ ಮನೆಯ ದೀಪವನ್ನೂ ಆರಿಸದೆ ಬಂದ ಲೆಕ್ಕ ಇದು; ಮೂವತ್ತು ವರ್ಷ ದಾಟಿದರೂ ಇವತ್ತಿಗೂ ನಾನು ಮೊದಲು ಕೈಹಾಕುವುದು ಅದಕ್ಕೇ. ಇವತ್ತು ಜಯನಗರದಿಂದ ಯಲಹಂಕದವರೆಗೆ ತಾರಸಿಗಳ ಮೇಲೆ ಕಾಣುವ ಸೋಲಾರ್ ಹೀಟರ್‌ಗಳು ಅವರ ಪಟ್ಟಿಯಲ್ಲಿ ಆಗಲೇ ಇದ್ದವು.

ಈಗ ದುಡ್ಡಿನ ಮಾತಿಗೆ ಬರೋಣ. ಒಂದು ಲೆಕ್ಕವನ್ನು ನೀವೇ ಹಾಕಿ ನೋಡಬಹುದು.

60 ವ್ಯಾಟ್‌ನ ಬುರುಡೆ ಬಲ್ಬು ತೆಗೆದು 9 ವ್ಯಾಟ್‌ನ ಎಲ್‌ಇಡಿ ಹಾಕಿದರೆ ಉಳಿಯುವುದು 51 ವ್ಯಾಟ್. ಇಂಥ 20 ಸಾವಿರ ಬಲ್ಬು ಒಟ್ಟಿಗೆ ಉರಿಯುತ್ತಿದ್ದರೆ ಒಂದು ಮೆಗಾವ್ಯಾಟ್ ಉಳಿಯಿತು. ಎಲ್ಲವೂ ಒಟ್ಟಿಗೆ ಉರಿಯುವುದಿಲ್ಲ, ಸಂಜೆ ಏಳಕ್ಕೆ ಅರ್ಧ ಮಾತ್ರ ಉರಿಯುತ್ತವೆ ಅಂದುಕೊಂಡರೆ 40 ಸಾವಿರ ಬಲ್ಬು ಬೇಕು. ಒಂದಕ್ಕೆ ನೂರು ರೂಪಾಯಿಯಂತೆ 40 ಲಕ್ಷ. ಕಲ್ಲಿದ್ದಲಿನ ಸ್ಥಾವರ ಕಟ್ಟಿ ಅದೇ ಒಂದು ಮೆಗಾವ್ಯಾಟ್ ತರಬೇಕಾದರೆ 8ರಿಂದ 10 ಕೋಟಿ ರೂಪಾಯಿ ಬಂಡವಾಳ. ಅದರ ಮೇಲೆ ಟ್ರಾನ್ಸ್‌ಫಾರ್ಮರ್, ತಂತಿ, ಸಬ್‌ಸ್ಟೇಷನ್. ಅದರ ಮೇಲೆ ಪ್ರತಿ ಯೂನಿಟ್‌ಗೂ ಮುಕ್ಕಾಲು ಕೆಜಿಯ ಹತ್ತಿರ ಕಲ್ಲಿದ್ದಲು, ಅದೂ ಎಲ್ಲಿಂದಲೋ ರೈಲಿನಲ್ಲಿ ರಾಯಚೂರಿಗೆ ಬರಬೇಕು.

ಸ್ಥಾವರ ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ, ಬಲ್ಬು ಬಾಳೀತೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಷ್ಟರಲ್ಲಿ ನಾಲ್ಕು ಸಲ ಬಲ್ಬು ಬದಲಿಸಿದರೂ, ಮೊದಲು ಹಾಕಿದ್ದೂ ಸೇರಿ ಖರ್ಚು ಎರಡು ಕೋಟಿ. ಸ್ಥಾವರ ಹಗಲೂ ರಾತ್ರಿ ಓಡುತ್ತದೆ, ಬಲ್ಬು ಉಳಿಸುವುದು ಸಂಜೆಯ ನಾಲ್ಕೈದು ಗಂಟೆ ಮಾತ್ರ ಎಂಬುದೂ ನಿಜ. ಆದರೆ ಈಗ ಹಗಲಿಗೆ ಪಾವಗಡದ ಸೋಲಾರ್ ಇದೆ. ಮನೆಮನೆಗೆ ವಿದ್ಯುತ್ ಹಂಚುವ ಎಸ್ಕಾಂ ಕಂಪನಿಗಳಿಗೆ ತಲೆನೋವು ಶುರುವಾಗುವುದು ಸೂರ್ಯ ಮುಳುಗಿದ ಮೇಲೆಯೇ. ಆ ಹೊತ್ತಿನ ಯೂನಿಟ್ಟೇ ಹೆಚ್ಚು ದುಬಾರಿ.

ಉಳಿದ ಆ ಕೋಟಿಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಯೋಚಿಸಿದರೆ ಮಗಳ ವಾದ ಅರ್ಥವಾಗುತ್ತದೆ. ಶ್ರೀಮಂತ ದೇಶಕ್ಕೆ ಬಂಡವಾಳ ಅಗ್ಗದ ಬಡ್ಡಿಗೆ ಸಿಗುತ್ತದೆ, ಅದರ ಸ್ಥಾವರಗಳೂ ರಸ್ತೆಗಳೂ ಆಸ್ಪತ್ರೆಗಳೂ ಈಗಾಗಲೇ ಕಟ್ಟಿ ಮುಗಿದಿವೆ. ನಮಗೆ ಎಲ್ಲವನ್ನೂ ಒಟ್ಟಿಗೆ ಕಟ್ಟಬೇಕಾಗಿದೆ, ಸಾಲದ ಬಡ್ಡಿಯೂ ಜಾಸ್ತಿ. ವಿದ್ಯುತ್ತಿಗೆ ಹಾಕಿದ ಪ್ರತಿ ರೂಪಾಯಿಯನ್ನೂ ಶಾಲೆಯಿಂದಲೋ ಮೋರಿಯಿಂದಲೋ ಕಿತ್ತು ತಂದಿರುತ್ತೇವೆ. ಜೊತೆಗೆ ನಮ್ಮ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದು. ಉಳಿದ ಡೀಸೆಲ್ ಅಂದರೆ ಉಳಿದ ಡಾಲರ್. ನನ್ನ ಮಟ್ಟಿಗೆ ದಕ್ಷತೆಯ ಮೊದಲ ಆರ್ಥಿಕ ಲಾಭ ಬಂಡವಾಳ ಬಿಡುಗಡೆಯಾಗುವುದು. ಬಿಲ್ ಇಳಿಯುವುದು ಎರಡನೆಯದು.

ಬಲ್ಬಿನ ಕಥೆ ನಮ್ಮಲ್ಲಿ ನಿಜವಾಗಿ ನಡೆದದ್ದು. 2004ರ ಸುಮಾರಿಗೇ ಬೆಸ್ಕಾಂ ಸಿಎಫ್‌ಎಲ್ ಬಲ್ಬನ್ನು ಗ್ರಾಹಕರಿಗೆ ಕೊಡಿಸಿ ಅದರ ಹಣವನ್ನು ತಿಂಗಳ ಕರೆಂಟ್ ಬಿಲ್‌ನಲ್ಲಿ ಕಂತಾಗಿ ವಸೂಲಿ ಮಾಡುವ ಪ್ರಯೋಗ ಮಾಡಿತ್ತು. ಹತ್ತು ವರ್ಷದ ನಂತರ ಇದೇ ಬುದ್ಧಿ ದೇಶದ ಮಟ್ಟಕ್ಕೆ ಬಂತು. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಸೇರಿ ಕಟ್ಟಿದ ಇಇಎಸ್‌ಎಲ್ ಸಂಸ್ಥೆ ಇಡೀ ದೇಶಕ್ಕೆ ಬೇಕಾದ ಎಲ್‌ಇಡಿಗೆ ಒಟ್ಟಿಗೆ ಟೆಂಡರ್ ಕರೆಯಿತು. 2014ರ ಆರಂಭದಲ್ಲಿ ಬಲ್ಬಿಗೆ 310 ರೂಪಾಯಿ ಇದ್ದ ಸಗಟು ದರ 2016ರ ಹೊತ್ತಿಗೆ 40 ರೂಪಾಯಿಗಿಂತ ಕೆಳಗೆ ಬಂತು. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಶುರುವಾಯಿತು. ನಮ್ಮಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂದು ಹೆಸರಿಟ್ಟರು. ಹಳೇ ಕರೆಂಟ್ ಬಿಲ್ ತೋರಿಸಿ ನೂರು ರೂಪಾಯಿಗೆ ಬಲ್ಬು ತಂದದ್ದು ನಿಮಗೂ ನೆನಪಿರಬಹುದು. ದೇಶದಲ್ಲಿ ಒಟ್ಟು 36 ಕೋಟಿಗೂ ಹೆಚ್ಚು ಬಲ್ಬು ಹಂಚಿಕೆಯಾದವು. ವರ್ಷಕ್ಕೆ ಸುಮಾರು 4,800 ಕೋಟಿ ಯೂನಿಟ್ ಉಳಿತಾಯ, ಗರಿಷ್ಠ ಬೇಡಿಕೆಯಲ್ಲಿ 9,000 ಮೆಗಾವ್ಯಾಟ್‌ಗೂ ಹೆಚ್ಚು ಇಳಿಕೆ ಎಂಬುದು ಕೇಂದ್ರ ಸರ್ಕಾರದ ಅಂದಾಜು. ಇದರಲ್ಲಿ ಬಲ್ಬಿಗೆ ಸಬ್ಸಿಡಿ ಇರಲಿಲ್ಲ ಎಂಬುದು ಬಹಳ ಮುಖ್ಯ. ಒಟ್ಟಿಗೆ ಕೊಂಡದ್ದರಿಂದ ಬೆಲೆ ಇಳಿಯಿತು, ಬೆಲೆ ಇಳಿದದ್ದರಿಂದ ಬಡವರ ಮನೆಗೂ ಹೋಯಿತು. ದಿನಕ್ಕೆ ಐದು ಗಂಟೆ ಉರಿಯುವ ಬಲ್ಬಿನಿಂದ ತಿಂಗಳಿಗೆ ಏಳೂವರೆ ಯೂನಿಟ್ ಉಳಿಯುತ್ತದೆ; ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ನೂರು ರೂಪಾಯಿಯ ಬಲ್ಬು ಮೂರು ತಿಂಗಳೊಳಗೆ ತನ್ನ ಬೆಲೆ ತೀರಿಸುತ್ತದೆ. ಇಂಥ ಬಡ್ಡಿ ಕೊಡುವ ಬ್ಯಾಂಕು ಯಾವುದೂ ಇಲ್ಲ.

ಇದು ನಮ್ಮೊಬ್ಬರ ಅನುಭವವೂ ಅಲ್ಲ. ಆಫ್ರಿಕಾದ ಘಾನಾ 2007ರಲ್ಲಿ ವಿದ್ಯುತ್ ಬಿಕ್ಕಟ್ಟಿಗೆ ಸಿಕ್ಕಾಗ ಹಳೇ ಬಲ್ಬು ತೆಗೆದುಕೊಂಡು 60 ಲಕ್ಷ ಸಿಎಫ್‌ಎಲ್‌ಗಳನ್ನು ಪುಕ್ಕಟೆ ಕೊಟ್ಟಿತು. ಸಂಜೆಯ ಬೇಡಿಕೆ ನೂರು ಮೆಗಾವ್ಯಾಟ್‌ಗೂ ಹೆಚ್ಚು ಇಳಿಯಿತು. ಹೊಸ ಸ್ಥಾವರಕ್ಕಾದರೆ ವರ್ಷಗಟ್ಟಲೆ ಕಾಯಬೇಕಿತ್ತು. ಚೀನಾ 1980ರಿಂದ 2000ದವರೆಗೆ ತನ್ನ ಆರ್ಥಿಕತೆಯನ್ನು ನಾಲ್ಕು ಪಟ್ಟು ಬೆಳೆಸಿದಾಗ ಇಂಧನ ಬಳಕೆ ಬೆಳೆದದ್ದು ಸುಮಾರು ಎರಡು ಪಟ್ಟು ಮಾತ್ರ. ಉಳಿಸುತ್ತಾ ಕೂತರೆ ಬೆಳೆಯುವುದು ಯಾವಾಗ ಎನ್ನುವವರು ಈ ಇಪ್ಪತ್ತು ವರ್ಷಗಳನ್ನು ನೋಡಬೇಕು.

ಬ್ರೆಜಿಲ್ ನನಗೆ ಇನ್ನೂ ಹತ್ತಿರದ ಉದಾಹರಣೆ, ಯಾಕೆಂದರೆ ಅವರೂ ನಮ್ಮ ಹಾಗೆ ಮಳೆ ನಂಬಿ ಜಲವಿದ್ಯುತ್ ಕಟ್ಟಿದವರು. ಲಿಂಗನಮಕ್ಕಿಯಲ್ಲಿ ನೀರಿಲ್ಲದ ವರ್ಷ ನಮಗೆ ಏನಾಗುತ್ತದೋ 2001ರಲ್ಲಿ ಅವರಿಗೆ ಅದೇ ಆಯಿತು. ಶೇ 20ರಷ್ಟು ಬಳಕೆ ತಗ್ಗಿಸಿ ಎಂದು ಸರ್ಕಾರ ಪ್ರತಿ ಮನೆಗೂ ಗುರಿ ಕೊಟ್ಟಿತು. ಮೀರಿದವರಿಗೆ ದಂಡ, ಚೆನ್ನಾಗಿ ಉಳಿಸಿದವರಿಗೆ ಬೋನಸ್. ಜನ ಬಲ್ಬು ಬದಲಿಸಿದರು, ಎರಡನೇ ಫ್ರೀಜರ್ ಆರಿಸಿದರು. ದೊಡ್ಡ ಪ್ರಮಾಣದ ಕತ್ತಲು ತಪ್ಪಿತು. ಆದರೆ ಆ ವರ್ಷ ಅವರ ಆರ್ಥಿಕ ಬೆಳವಣಿಗೆ ಕುಸಿಯಿತು ಎಂಬುದನ್ನೂ ಹೇಳಬೇಕು. ಬಿಕ್ಕಟ್ಟು ಬಂದ ಮೇಲೆ ಬಲವಂತದಿಂದ ಮಾಡುವ ಉಳಿತಾಯಕ್ಕೆ ಬೆಲೆ ಜಾಸ್ತಿ. ನಾವು 2023ರ ಬರದ ವರ್ಷ ಅಕ್ಟೋಬರಿನಲ್ಲಿ ಕರೆಂಟಿಗಾಗಿ ಅಲೆದಾಡಿದ್ದನ್ನು ನೆನೆಸಿಕೊಳ್ಳಿ. ಆಗ ನಿಮ್ಮ ಏರಿಯಾದಲ್ಲಿ ಜನರೇಟರ್ ಓಡಿದ್ದರೆ ಲೆಕ್ಕ ನಿಮಗೇ ಗೊತ್ತು: ಒಂದು ಲೀಟರ್ ಡೀಸೆಲ್‌ಗೆ ಬರುವುದು ಮೂರು ಮೂರೂವರೆ ಯೂನಿಟ್. ಲೀಟರಿಗೆ 90 ರೂಪಾಯಿ ಎಂದರೆ ಯೂನಿಟ್‌ಗೆ 25 ರೂಪಾಯಿಯ ಮೇಲಾಯಿತು. ಬೇರೆಯವರ ಮನೆಯಲ್ಲಿ ಉಳಿದ ಕರೆಂಟು ನಿಮ್ಮ ಜನರೇಟರ್ ಆರಿಸಬಲ್ಲದು ಎಂಬ ಲಾಭ ಯಾವ ಬಿಲ್‌ನಲ್ಲೂ ಕಾಣುವುದಿಲ್ಲ. ಸಣ್ಣ ಕೈಗಾರಿಕೆಗೆ ದಕ್ಷತೆಯ ಅತಿ ದೊಡ್ಡ ಲಾಭ ಇದೇ ಇರಬಹುದು ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನವರಾಗಿ ನಾವು ಮರೆಯುವ ಇನ್ನೊಂದು ಕರೆಂಟ್ ಬಿಲ್ ಇದೆ: ನಲ್ಲಿ ನೀರಿನದು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ ಒಂದೂ ಕಾಲು ಯೂನಿಟ್‌ಗಿಂತ ಜಾಸ್ತಿ ಬೇಕು. ಪಂಪು, ಮೋಟಾರಿನ ನಷ್ಟ ಸೇರಿಸಿದರೆ ಹೆಚ್ಚುಕಡಿಮೆ ಎರಡು ಯೂನಿಟ್. ಅಂದರೆ ಮೂರು ದಿನಕ್ಕೆ ಸಾವಿರ ಲೀಟರ್ ಬಳಸುವ ಮನೆ, ನಲ್ಲಿ ತಿರುಗಿಸಿದ್ದಕ್ಕೇ ತಿಂಗಳಿಗೆ ಇಪ್ಪತ್ತು ಯೂನಿಟ್ ಖರ್ಚು ಮಾಡಿರುತ್ತದೆ, ಮೀಟರಿನಲ್ಲಿ ಒಂದೂ ಓಡದೆ. ಜಲಮಂಡಳಿಯ ಖರ್ಚಿನಲ್ಲಿ ಸಿಂಹಪಾಲು ವಿದ್ಯುತ್ತಿನದೇ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಬಂದು ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಎತ್ತುವ ಸಾಮರ್ಥ್ಯ ಸೇರಿತು. ಹೀಗಿರುವಾಗ ರಸ್ತೆಯಡಿ ಸೋರುವ ಪೈಪು ನೀರನ್ನಷ್ಟೇ ಚೆಲ್ಲುತ್ತಿಲ್ಲ. 2024ರ ಮಾರ್ಚಿನ ನೀರಿನ ಬವಣೆಯಲ್ಲಿ ಹೋಟೆಲು, ಅಪಾರ್ಟ್‌ಮೆಂಟುಗಳ ನಲ್ಲಿಗೆ ನೀರಿನ ಧಾರೆ ತಗ್ಗಿಸುವ ಏರೇಟರ್ ಹಾಕಿ ಎಂದು ಜಲಮಂಡಳಿ ಆದೇಶಿಸಿದಾಗ ಅನೇಕರು ಕಿರಿಕಿರಿಪಟ್ಟರು. ನೂರಿನ್ನೂರು ರೂಪಾಯಿಯ ಆ ಬಿಲ್ಲೆ ನೀರಿನ ಜೊತೆಗೆ ತೊರೆಕಾಡನಹಳ್ಳಿಯ ಪಂಪಿನ ಕರೆಂಟನ್ನೂ ಉಳಿಸುತ್ತದೆ. ಬಿಕ್ಕಟ್ಟು ಹೋದ ಮೇಲೂ ಅದನ್ನು ಬಿಡಬಾರದಿತ್ತು.

ಲಾಭ ಇಷ್ಟು ಸ್ಪಷ್ಟವಿದ್ದ ಮೇಲೆ ಎಲ್ಲರೂ ಯಾಕೆ ಮಾಡುತ್ತಿಲ್ಲ? ನಿಮ್ಮ ‘ಯಾರ ಜೇಬಿಗೆ’ ಎಂಬ ಪ್ರಶ್ನೆಗೆ ಉತ್ತರ ಇದೇ. ದುಡ್ಡು ಹಾಕುವವನು ಒಬ್ಬ, ಉಳಿತಾಯ ಪಡೆಯುವವನು ಇನ್ನೊಬ್ಬ ಆದ ಕಡೆಯೆಲ್ಲ ದಕ್ಷತೆ ನಿಂತುಹೋಗುತ್ತದೆ. ಬಾಡಿಗೆ ಮನೆಯ ಗೀಸರ್ ಹಾಕಿಸುವವರು ಮಾಲೀಕರು, ಬಿಲ್ ಕಟ್ಟುವವರು ಬಾಡಿಗೆದಾರರು. ಅಲ್ಲಿ ಐದು ಸ್ಟಾರ್ ಗೀಸರ್ ಬರುವುದು ಕಷ್ಟ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳನ್ನು ನೋಡಿ. ಕಿಟಕಿ ತೆರೆದರೆ ವರ್ಷದ ಬಹುಪಾಲು ಸಾಕೆನಿಸುವ ಹವೆಯಿರುವ ಊರಿನಲ್ಲಿ ನಾಲ್ಕೂ ಕಡೆ ಗಾಜು ಮುಚ್ಚಿ, ಒಳಗೆ ಬಂದ ಬಿಸಿಲನ್ನು ಹೊರಗಟ್ಟಲು ದಿನವಿಡೀ ಎಸಿ ಓಡಿಸುತ್ತೇವೆ. ಕಟ್ಟಿದ ಬಿಲ್ಡರ್ ಮಾರಿ ಹೋಗಿರುತ್ತಾನೆ. ಆ ಕಟ್ಟಡ ಇನ್ನು ನಲವತ್ತು ವರ್ಷ ಅಲ್ಲೇ ನಿಂತು ಕರೆಂಟು ಕುಡಿಯುತ್ತದೆ. ಇನ್ನೂ ಕಟ್ಟಬೇಕಾದದ್ದೇ ಹೆಚ್ಚಿರುವ ದೇಶದಲ್ಲಿ ಇಂಥ ತಪ್ಪು ಶಾಶ್ವತವಾಗುತ್ತದೆ. ಮೊದಲೇ ಸರಿಯಾಗಿ ಕಟ್ಟಿದರೆ ಲಾಭವೂ ಅಷ್ಟೇ ಕಾಲ ಬರುತ್ತದೆ. ಈ ವಿಚಾರ ನೆನೆದರೆ ನನಗೆ ಸಂಕಟವಾಗುತ್ತದೆ.

ಅತಿ ದೊಡ್ಡ ಉದಾಹರಣೆ ನಮ್ಮ ಐಪಿ ಸೆಟ್‌ಗಳು. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಎಸ್ಕಾಂಗಳಿಗೆ ಅದರ ಹಣ ತುಂಬಿಕೊಡುವುದು ಸರ್ಕಾರ. ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮೀರಿದ ಬಾಬ್ತು. ಬಿಲ್ಲೇ ಬರದ ರೈತರಿಗೆ ಒಳ್ಳೆ ಪಂಪು ಕೊಳ್ಳುವ ಗರಜು ಏನು? ಅವರಿಗೆ ಬೇಕಿರುವುದು ಮೂರು ಫೇಸ್ ಬಂದ ಅಷ್ಟು ಹೊತ್ತಿನಲ್ಲಿ ಆದಷ್ಟು ನೀರು, ವೋಲ್ಟೇಜ್ ಬಿದ್ದರೂ ಸುಡದ ಮೋಟಾರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಹಾಗಾಗಿ ಇಲ್ಲಿ ಪಂಪು ಬದಲಿಸುವ ದುಡ್ಡನ್ನು ಹಾಕಬೇಕಾದವರು ಸಬ್ಸಿಡಿ ಕಟ್ಟುತ್ತಿರುವವರೇ, ಯಾಕೆಂದರೆ ಉಳಿತಾಯ ಬರುವುದೂ ಅವರಿಗೇ. ದೊಡ್ಡಬಳ್ಳಾಪುರದ ಕಡೆ ಬೆಸ್ಕಾಂ ಈ ಪ್ರಯೋಗ ಮಾಡಿತ್ತು: ಖಾಸಗಿ ಕಂಪನಿಯೊಂದು ರೈತರ ಹಳೇ ಪಂಪು ತೆಗೆದು ಹೊಸದು ಕೂರಿಸುವುದು, ಉಳಿದ ಕರೆಂಟಿನ ದುಡ್ಡಿನಲ್ಲಿ ಅದರ ಹಣ ತೀರುವುದು. ದಾರಿ ಸರಿಯಾದದ್ದೇ. ಆದರೆ ಅಂತರ್ಜಲದ ಕಡೆ ಕಣ್ಣಿಡದೆ ಒಳ್ಳೆ ಪಂಪು ಮಾತ್ರ ಕೊಟ್ಟರೆ, ಉಚಿತ ಕರೆಂಟಿನಲ್ಲಿ ಅದು ಇನ್ನಷ್ಟು ನೀರೆತ್ತಿ ಬೋರ್‌ವೆಲ್ಲನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೃಹಜ್ಯೋತಿಯದ್ದೂ ಇದೇ ಲೆಕ್ಕ. ಬಡ ಕುಟುಂಬದ ಬಿಲ್ ಸರ್ಕಾರ ಕಟ್ಟುವುದು ನನಗೆ ತಪ್ಪು ಕಾಣುವುದಿಲ್ಲ. ಹೇಗೂ ಕಟ್ಟುತ್ತಿರುವುದರಿಂದ, ಆ ಮನೆಯ 75 ವ್ಯಾಟ್ ಫ್ಯಾನಿನ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಕೊಟ್ಟರೆ ಏನಾಗುತ್ತದೆ ನೋಡಿ. ದಿನಕ್ಕೆ ಎಂಟು ಗಂಟೆಯಂತೆ ವರ್ಷದಲ್ಲಿ 300 ದಿನ ಓಡಿದರೆ ನೂರು ಯೂನಿಟ್ ಉಳಿತಾಯ, ಅಂದರೆ ಸುಮಾರು 600 ರೂಪಾಯಿ. ಮಾಮೂಲಿ ಫ್ಯಾನಿಗಿಂತ ಅದು ಸಾವಿರ, ಸಾವಿರದೈನೂರು ರೂಪಾಯಿ ದುಬಾರಿ. ಹಳೇ ಫ್ಯಾನು ಹಾಳಾದಾಗ ಈ ವ್ಯತ್ಯಾಸವನ್ನು ಸರ್ಕಾರ ಭರಿಸಿದರೆ ಎರಡು ಮೂರು ವರ್ಷದಲ್ಲಿ ಖಜಾನೆಗೆ ಹಣ ವಾಪಸು; ಆಮೇಲೆ ಬರುವುದೆಲ್ಲ ಉಳಿತಾಯ. ಉಜಾಲಾದಂತೆ ಒಟ್ಟಿಗೆ ಟೆಂಡರ್ ಕರೆದರೆ ವ್ಯತ್ಯಾಸ ಇನ್ನೂ ಇಳಿದೀತು. ಈ ಕೆಲಸ ಇನ್ನೂ ದೊಡ್ಡ ಪ್ರಮಾಣದಲ್ಲಿ ಆಗಬೇಕಿದೆ. ಮಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದಕ್ಕಿಂತ ಒಳ್ಳೆಯದು ಸಿಗಲಾರದು.

ಕಾಗದದ ಮೇಲಿನ ಲೆಕ್ಕವೆಲ್ಲ ಹಾಗೆಯೇ ಫಲಿಸುತ್ತದೆ ಎಂದೂ ಹೇಳಲಾರೆ. ಮೆಕ್ಸಿಕೋದಲ್ಲಿ 2009ರಿಂದ ಕೆಲವು ವರ್ಷ ಹಳೇ ಫ್ರಿಜ್ಜು, ಎಸಿ ಕೊಟ್ಟವರಿಗೆ ಹೊಸದಕ್ಕೆ ನೆರವು ಕೊಟ್ಟರು. ಆಮೇಲೆ ಮನೆಗಳ ಬಿಲ್ ತೆಗೆದು ನೋಡಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಬೇರೆ: ಫ್ರಿಜ್ಜಿನಿಂದ ಉಳಿದದ್ದು ಅಂದಾಜಿನ ಕಾಲು ಭಾಗದಷ್ಟು ಮಾತ್ರ, ಎಸಿ ಬದಲಿಸಿದ ಮನೆಗಳಲ್ಲಂತೂ ಬಳಕೆ ಏರಿತ್ತು. ಹೊಸ ಫ್ರಿಜ್ಜು ದೊಡ್ಡದಾಗಿತ್ತು, ಹೊಸ ಎಸಿ ಹೆಚ್ಚು ಹೊತ್ತು ಓಡಿತು. ದಕ್ಷತೆ ದಂಡ ಎನ್ನುವವರು ಈ ಉದಾಹರಣೆಯನ್ನು ತಪ್ಪದೆ ಎತ್ತುತ್ತಾರೆ. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಯೂನಿಟ್ ಉಳಿಸುವ ಗುರಿ ಇಟ್ಟುಕೊಂಡ ಸರ್ಕಾರಕ್ಕೆ ಅದು ಸೋಲೇ. ಆದರೆ ಮೊದಲು ಬೆವರುತ್ತಾ ಮಲಗುತ್ತಿದ್ದ ಕುಟುಂಬ ಈಗ ತಂಪಾಗಿ ಮಲಗಿದರೆ ಅದೂ ಲಾಭವೇ, ಯೂನಿಟ್‌ನಲ್ಲಿ ಅಳೆಯಲಾಗದ ಲಾಭ. ಬಡತನ ಇರುವ ಕಡೆ ದಕ್ಷತೆಯ ಫಲದಲ್ಲಿ ಒಂದು ಪಾಲು ಹೀಗೆ ನೆಮ್ಮದಿಯಾಗಿ ಹೊರಬರುವುದು ಸಹಜ, ಬರಲಿ ಕೂಡ. ಯೋಜನೆ ಮಾಡುವವರು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು, ಅಷ್ಟೇ.

ಲೆಕ್ಕಕ್ಕೇ ಸಿಗದ ಇನ್ನೊಂದು ಲಾಭ ಅಡುಗೆಮನೆಯದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಹತ್ತನೇ ಒಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ತಂಡದಿಂದ ಬಂದ ಅಸ್ತ್ರ ಒಲೆ ಸೌದೆಯನ್ನು ಅರ್ಧದ ಹತ್ತಿರ ಇಳಿಸಿತು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸಿತು. ಸೌದೆ ಹೊರುವ ಹೆಂಗಸಿನ ಗಂಟೆಗಳಿಗೆ ಜಿಡಿಪಿಯಲ್ಲಿ ಜಾಗವಿಲ್ಲ; ಹಾಗಾಗಿ ಆ ಉಳಿತಾಯಕ್ಕೂ ಇಲ್ಲ. ಕೂಲಿ ದರದಲ್ಲಿ ಹಿಡಿದರೆ ಅದು ಅನೇಕ ಕಾರ್ಖಾನೆಗಳ ಉಳಿತಾಯವನ್ನು ಮೀರಿಸುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈಗ ನಿಮ್ಮ ಶೆಡ್ಡು. ಸಿಮೆಂಟು, ಉಕ್ಕಿನಂಥ ದೊಡ್ಡ ಕೈಗಾರಿಕೆಗಳಿಗೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿಇಇ) 2012ರಿಂದಲೇ ಉಳಿತಾಯದ ಗುರಿ ಕೊಟ್ಟಿದೆ, ಅವು ಸಾಕಷ್ಟು ಸಾಧಿಸಿಯೂ ಇವೆ. ಸಣ್ಣವರನ್ನು ಕೇಳುವವರು ಕಡಿಮೆ. ಪೀಣ್ಯದಂಥ ಕಡೆ ಎನರ್ಜಿ ಆಡಿಟ್‌ಗೆ ಹೋದಾಗ ನಾನು ಮೊದಲು ಕಿವಿಗೊಡುವುದು ಕಂಪ್ರೆಸರ್ ಲೈನಿಗೆ. ಶಿಫ್ಟ್ ಮುಗಿದು ಮೆಷಿನ್‌ಗಳೆಲ್ಲ ನಿಂತ ಮೇಲೂ ಎಲ್ಲೋ ಸುಯ್ ಎನ್ನುತ್ತಿರುತ್ತದೆ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್‌ನ ಒಂದೇ ತೂತು ಸುಮಾರು 3 ಕಿಲೋವ್ಯಾಟ್ ತಿನ್ನುತ್ತದೆ. ಎರಡು ಶಿಫ್ಟ್, ವರ್ಷಕ್ಕೆ 300 ದಿನ ಎಂದರೆ 14 ಸಾವಿರ ಯೂನಿಟ್. ಆರು ರೂಪಾಯಿಯಂತೆ 80 ಸಾವಿರ ರೂಪಾಯಿಯ ಮೇಲೆ. ಮುಚ್ಚಲು ಬೇಕಾದದ್ದು ಒಂದು ಕ್ಲಾಂಪು, ಒಂದು ಹೊಸ ಕಪ್ಲಿಂಗು, ಟೆಫ್ಲಾನ್ ಟೇಪು.

ಪರೀಕ್ಷೆ ಸುಲಭ. ರಜೆಯ ದಿನ ಎಲ್ಲ ಮೆಷಿನ್ ನಿಲ್ಲಿಸಿ, ಕಂಪ್ರೆಸರ್ ಮಾತ್ರ ಓಡಿಸಿ. ಅದು ಲೋಡ್ ಆಗಿರುವ (ಗಾಳಿ ತುಂಬುವ) ಹೊತ್ತು, ಅನ್‌ಲೋಡ್ ಆಗಿರುವ (ತುಂಬದೆ ಸುಮ್ಮನಿರುವ) ಹೊತ್ತು ಎರಡನ್ನೂ ಕೆಲವು ಸಲ ಗಡಿಯಾರ ಹಿಡಿದು ಬರೆದುಕೊಳ್ಳಿ. ಒಂದು ನಿಮಿಷ ಲೋಡ್, ಮೂರು ನಿಮಿಷ ಅನ್‌ಲೋಡ್ ಆದರೆ ನಿಮ್ಮ ಕಂಪ್ರೆಸರಿನ ಸಾಮರ್ಥ್ಯದ ಕಾಲು ಭಾಗ ಸೋರಿಕೆಯಲ್ಲೇ ಹೋಗುತ್ತಿದೆ ಎಂದರ್ಥ. ಸೋಪಿನ ನೀರು ಹಚ್ಚುತ್ತಾ ಹೋದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ; ಹೆಚ್ಚಾಗಿ ಹೋಸು ಸೇರುವ ಕಡೆ, ಫಿಲ್ಟರ್ ಬಟ್ಟಲಿನ ಕೆಳಗೆ. ಆಮೇಲೆ ಒತ್ತಡ ನೋಡಿ. ಒಂದು ಮೆಷಿನ್‌ಗೆ 7 ಬಾರ್ ಬೇಕೆಂದು ಇಡೀ ಶೆಡ್ಡಿಗೆ 7 ಕೊಡುತ್ತಿದ್ದೀರಾ? ಒಂದು ಬಾರ್ ಇಳಿಸಿದರೆ ಕಂಪ್ರೆಸರಿನ ಕರೆಂಟು ಶೇ 6ರಿಂದ 7 ಇಳಿಯುತ್ತದೆ.

ಮೋಟಾರಿನ ಮಾತು ಸ್ವಲ್ಪ ಬೇರೆ. ಎರಡು ಶಿಫ್ಟ್ ಓಡುವ 5 ಎಚ್‌ಪಿ ಮೋಟಾರು ವರ್ಷಕ್ಕೆ ತಿನ್ನುವ ಕರೆಂಟು ಹತ್ತಿರ ಹತ್ತಿರ ಲಕ್ಷ ರೂಪಾಯಿಯದು, ಮೋಟಾರಿನ ಬೆಲೆಯ ನಾಲ್ಕೈದು ಪಟ್ಟು. ಆದರೂ ಸುಟ್ಟಾಗ ನಾವು ನೋಡುವುದು ರಿವೈಂಡಿಂಗ್‌ಗೆ ಎಷ್ಟು, ಹೊಸದಕ್ಕೆ ಎಷ್ಟು ಎಂದು ಮಾತ್ರ. ಸಂಜೆಯೊಳಗೆ ಆರ್ಡರ್ ಕಳಿಸಬೇಕಾದವರು ಬೇರೇನು ಮಾಡಿಯಾರು ಎಂಬುದೂ ನನಗೆ ಗೊತ್ತು. ಎರಡು ಮೂರು ಸಲ ರಿವೈಂಡ್ ಆದ ಹಳೇ ಮೋಟಾರಿಗೂ ಐಇ3 ಎಂಬ ಉನ್ನತ ದಕ್ಷತೆಯ ದರ್ಜೆಯ ಹೊಸದಕ್ಕೂ ದಕ್ಷತೆಯಲ್ಲಿ ಶೇ 8ರಷ್ಟು ಅಂತರ ಇರಬಹುದು. ವರ್ಷಕ್ಕೆ ಎಂಟೊಂಬತ್ತು ಸಾವಿರ ರೂಪಾಯಿಯ ಕರೆಂಟು ಅದು. ಎರಡೂವರೆ ವರ್ಷದೊಳಗೆ ಮೋಟಾರಿನ ಬೆಲೆ ಹುಟ್ಟುತ್ತದೆ. ಆದರೆ ಅರ್ಧ ಹೊತ್ತು ಖಾಲಿ ತಿರುಗುವ ಲೇತಿಗೆ ಈ ಲೆಕ್ಕ ಒಗ್ಗುವುದಿಲ್ಲ. ಸದಾ ಓಡುವ ಕಂಪ್ರೆಸರ್, ಬ್ಲೋವರ್, ಪಂಪಿನ ಮೋಟಾರುಗಳಿಂದ ಶುರುಮಾಡಿ. ಒಂದು ಒಳ್ಳೆ ಮೋಟಾರನ್ನು ಮೊದಲೇ ತಂದು ಇಟ್ಟುಕೊಂಡಿದ್ದರೆ ಹಳೆಯದು ಸುಟ್ಟ ದಿನ ಪರದಾಡಬೇಕಾಗುವುದಿಲ್ಲ.

ದುಡ್ಡು ಎಲ್ಲಿಂದ ಎಂದರೆ, ಬಿಇಇ 2025ರಲ್ಲಿ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆಂದೇ ‘ಅದೀತಿ’ ಯೋಜನೆ ಶುರುಮಾಡಿದೆ. ದಕ್ಷ ಯಂತ್ರಕ್ಕೆ ಮಾಡಿದ ಸಾಲದ ಬಡ್ಡಿಯಲ್ಲಿ ಸೂಕ್ಷ್ಮ, ಸಣ್ಣ ಘಟಕಗಳಿಗೆ ಶೇ 5ರಷ್ಟು, ಮಧ್ಯಮ ಘಟಕಗಳಿಗೆ ಶೇ 3ರಷ್ಟು ಸರ್ಕಾರ ಭರಿಸುತ್ತದೆ. ಆಯ್ದ ಕೈಗಾರಿಕಾ ಸಮೂಹಗಳಲ್ಲಿ ಹಂತಹಂತವಾಗಿ ಜಾರಿಯಾಗುತ್ತಿದೆ. ನಿಮ್ಮ ಘಟಕಕ್ಕೆ ಅನ್ವಯಿಸುತ್ತದೆಯೇ ಎಂದು ಪೀಣ್ಯ ಕೈಗಾರಿಕಾ ಸಂಘದಲ್ಲಿ ಇಲ್ಲವೇ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದಲ್ಲಿ ವಿಚಾರಿಸಿ. ಆದರೆ ಸಾಲದ ಅರ್ಜಿ ಮೊದಲ ಹೆಜ್ಜೆಯಾಗದಿರಲಿ. ಮೊದಲು ಸೋರಿಕೆ ಮುಚ್ಚಿ, ಆಮೇಲೆ ಒತ್ತಡ ಇಳಿಸಿ, ಆಮೇಲೆ ಮೋಟಾರು ನೋಡಿ. ಹೊಸ ಕಂಪ್ರೆಸರಿಗೆ ಕೊಟೇಶನ್ ತರಿಸುವುದು ಇವೆಲ್ಲ ಆದ ಮೇಲೆ ಇರಲಿ. ಸೋರಿಕೆ ನಿಂತ ಮೇಲೆ ನಿಮಗೆ ಬೇಕಾಗುವುದು ಈಗಿನದಕ್ಕಿಂತ ಚಿಕ್ಕ ಕಂಪ್ರೆಸರ್ ಇರಬಹುದು.